1991ರ ಟಾಟಾ 206 ಪಿಕಪ್: 2.20 ಲಕ್ಷ ಕೊಡಬಹುದಾ?

ಪ್ರಶ್ನೆ (ಹುಬ್ಬಳ್ಳಿ): ಧಾರವಾಡದ ಕೆಎ-25 ನಂಬರ್, ಮೂಲ ಬಣ್ಣ ಅಂತಾರ. ಡೀಸೆಲ್ ಎಂಜಿನ್ ಬಿಚ್ಚಿಲ್ಲವಂತ. ವಿಂಟೇಜ್ ನಂಬರ್ (ಭಾಳ ಹಳೇ ಗಾಡಿಗೆ ಕೊಡೋ ವಿಶೇಷ ನೋಂದಣಿ) ಸಿಗತೈತಿ ಅಂತ ಇಷ್ಟು ದರ ಹೇಳ್ಯಾರ. ಏನೇನು ನೋಡಬೇಕ್ರಿ?

ಉತ್ತರ 1: ಅಣ್ಣಾರ, ಬಣ್ಣ ಬಿಡ್ರಿ, ಕೆಳಗ ಹೊಕ್ಕು ಚಾಸಿ (ಗಾಡಿ ಹೊರೋ ಉಕ್ಕಿನ ಚೌಕಟ್ಟು) ನೋಡ್ರಿ. ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಕೂಡೋ ಬ್ರಾಕೆಟ್ ಸುತ್ತ ಎರಿ ಮಣ್ಣು ಮೆತ್ತಿ ಪಸೆ ಹಿಡೀತೈತಿ, ತುಕ್ಕು ಸುರುವಾಗೋದು ಅಲ್ಲೇ. ಸ್ಕ್ರೂಡ್ರೈವರ್‌ಲೆ ಕುಕ್ಕಿದ್ರ ಪದರ ಏಳಬಾರದು. ಹೊಸ ವೆಲ್ಡಿಂಗ್ ಕಂಡ್ರ ಕೈಬಿಡ್ರಿ. ಬಾಗಿಲ ತಳಕ್ಕ ತೆಳು ಬಟ್ಟಿ ಸುತ್ತಿದ ಮ್ಯಾಗ್ನೆಟ್ ಹಚ್ಚ್ರಿ. ಹಿಡೀಲಿಲ್ಲಂದ್ರ ಒಳಗ ಪುಟ್ಟಿ.

ಉತ್ತರ 2: ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆಯಿರಿ. ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗು, ಲೈನರ್ (ಸಿಲಿಂಡರ್‌ನ ಒಳಗೋಡೆ) ಸವೆದಿವೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ.

ಉತ್ತರ 3: ವಿಂಟೇಜ್ ಮಾತು ಸುಳ್ಳು. 2021ರ ನಿಯಮದಂತೆ 50 ವರ್ಷ ದಾಟಿರಬೇಕು, ವಾಣಿಜ್ಯ ಬಳಕೆಯೂ ಇರಬಾರದು. ಆ ಹೆಸರಿನ ದುಡ್ಡು ಕಳೆದೇ ಚೌಕಾಸಿ ಮಾಡಿ. ಚಾಸಿ ನಂಬರ್ ಪೆನ್ಸಿಲಲ್ಲಿ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ), ಟ್ಯಾಕ್ಸ್ ಬಾಕಿ, ಸಾಲದ ನಮೂದು ಆರ್‌ಟಿಒದಲ್ಲಿ ಕೇಳದೆ ಮುಂಗಡ ಕೊಡಬೇಡಿ.

ಉತ್ತರ 1: ಗಾಜು, ಲೈಟು, ರಬ್ಬರ್ ಬೀಡಿಂಗ್ ಮೂಲದ್ದಿದ್ರ ಮಾತ್ರ ಒಂದೀಟು ಹೆಚ್ಚಿಗಿ ಕೊಡ್ರಿ.