ಎರಡು ಸರ್ವರ್ ಇರುವವರಿಗೆ ಕುಬರ್ನೆಟೀಸ್ ಬೇಕಾ?

ಬದಿಯಡ್ಕದಿಂದ ಪ್ರಶ್ನೆ:
ನಾವು ಮೂವರು ಸೇರಿ ಅಡಿಕೆ ವ್ಯಾಪಾರಿಗಳಿಗೂ ಅಂಗಡಿಗಳಿಗೂ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುತ್ತೇವೆ. ಆಫೀಸಿನ ಎರಡು ಸರ್ವರ್‌ಗಳಲ್ಲಿ ಎಲ್ಲ, ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ಡಾಕರ್ ಕಂಪೋಸ್‌ನಲ್ಲೇ ಓಡುತ್ತಿದೆ. ಆ ಕಂಟೇನರ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚಿ ನೋಡಿಕೊಳ್ಳುವ ಕುಬರ್ನೆಟೀಸ್ ಹಾಕಿದರೆ ಒಂದು ಸರ್ವರ್ ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ ಎನ್ನುತ್ತಾರೆ. ಹೌದಾ? ಬಳಸಿದವರು ಹೇಳಿ.

ಕುಂಬಳೆಯಿಂದ:
ಎರಡೇ ಸರ್ವರ್ ಇಟ್ಟುಕೊಂಡು ಆ ಆಸೆಯಿಂದ ಹೋಗಬೇಡಿ ಅಣ್ಣ. ಕುಬರ್ನೆಟೀಸ್ ತನ್ನ ಲೆಕ್ಕಾಚಾರವನ್ನೆಲ್ಲ ಸಾಮಾನ್ಯವಾಗಿ ಎಟ್‌ಸಿಡಿ ಎಂಬ ಡೇಟಾಬೇಸ್‌ನಲ್ಲಿ ಇಡುತ್ತದೆ. ಅದಕ್ಕೆ ಬಹುಮತ ಬೇಕು, ಅಂದರೆ ಅದಿರುವ ಸರ್ವರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಾಲೂ ಇರಬೇಕು. ಎರಡರಲ್ಲಿ ಬಹುಮತ ಅಂದರೆ ಎರಡೂ ಇರಬೇಕು ಅಲ್ವಾ? ಒಂದು ಹೋದರೆ ಉಳಿದದ್ದರಲ್ಲಿ ಓಡುತ್ತಿರುವ ಪಾಡ್‌ಗಳು (ಕಂಟೇನರ್ ಗುಂಪುಗಳು) ಓಡುತ್ತಲೇ ಇರುತ್ತವೆ. ಆದರೆ ಬಿದ್ದ ಪಾಡನ್ನು ಬೇರೆ ಕಡೆ ಎಬ್ಬಿಸಲು ಆಗುವುದಿಲ್ಲ. 3 ಇದ್ದರೆ 1 ಬಿದ್ದರೂ ನಡೆಯುತ್ತದೆ, 5 ಇದ್ದರೆ 2. 4 ಇಟ್ಟರೆ 3ಕ್ಕಿಂತ ಜಾಸ್ತಿ ಲಾಭ ಏನೂ ಇಲ್ಲ.

ಮೂರನೆಯದನ್ನು ತಂದರೂ ಮೂರೂ ಒಂದೇ ಕೋಣೆಯಲ್ಲಿ, ಒಂದೇ ಯುಪಿಎಸ್‌ನಲ್ಲಿ ಇರುತ್ತವೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ತೆಂಗಿನ ಮಡಲು ಲೈನಿಗೆ ಬಿದ್ದರೆ ಮೂರೂ ಒಟ್ಟಿಗೆ ಆಫ್. ಆ ದುಡ್ಡನ್ನು ಮೊದಲು ಒಳ್ಳೆಯ ಬ್ಯಾಟರಿಗೂ ಇನ್ನೊಂದು ಇಂಟರ್ನೆಟ್ ಲೈನಿಗೂ ಹಾಕಿ ಎಂದು ನನ್ನ ಅಭಿಪ್ರಾಯ.

ಆಮೇಲೆ ನೋಡಿಕೊಳ್ಳುವ ಕೆಲಸ. ವರ್ಷಕ್ಕೆ ಸುಮಾರು 3 ಹೊಸ ಆವೃತ್ತಿ ಬರುತ್ತವೆ, ಒಂದೊಂದಕ್ಕೂ ಸುಮಾರು 14 ತಿಂಗಳು ಮಾತ್ರ ಬೆಂಬಲ. ಕುಬ್‌ಎಡಿಎಂ ಎಂಬ ಸಾಧನದಿಂದ ಹಾಕಿದ ಕ್ಲಸ್ಟರ್‌ನ (ಸರ್ವರ್ ಗುಂಪಿನ) ಒಳಗಿನ ಸರ್ಟಿಫಿಕೇಟ್‌ಗಳ ಅವಧಿ ಮಾಮೂಲಾಗಿ 1 ವರ್ಷ. ಅಪ್‌ಗ್ರೇಡ್ ಮಾಡಿದಾಗ ತಾನಾಗಿ ಹೊಸದಾಗುತ್ತದೆ. ಸುಮ್ನೆ ಬಿಟ್ಟರೆ ಒಂದು ಬೆಳಗ್ಗೆ ಆಜ್ಞೆ ಕೊಡುವ ಸಾಧನ ಕುಬ್‌ಕಂಟ್ರೋಲ್ ಮಾತೇ ಕೇಳುವುದಿಲ್ಲ. ಮೂವರಲ್ಲಿ ಇದಕ್ಕೆಂದೇ ಕೂರುವವರು ಯಾರು? ಅದಕ್ಕೆ ಉತ್ತರ ಸಿಗುವವರೆಗೆ ಕಂಪೋಸ್ ಸಾಕು.

ಹೊಸೂರಿನಿಂದ:
ಮೇಲಿನವರು ಹೇಳಿದ್ದು ಸರಿ. ನಾನು ದಿನಾ ಕುಬರ್ನೆಟೀಸ್‌ನಲ್ಲೇ ಕೆಲಸ ಮಾಡುವವನು. ಪಾಡ್ ಮತ್ತೆ ಮತ್ತೆ ಸಾಯುತ್ತಿದ್ದರೆ ಮೊದಲು ಡಿಸ್ಕ್ರೈಬ್ ಆಜ್ಞೆ ಹಾಕಿ ಹಿಂದಿನ ಸ್ಥಿತಿ ನೋಡುತ್ತೇನೆ. 'ಓಓಎಂ ಕಿಲ್ಡ್', ಎಕ್ಸಿಟ್ ಕೋಡ್ 137 ಎಂದಿದ್ದರೆ ಕೊಟ್ಟ ಮೆಮೊರಿ ಸಾಕಾಗಿಲ್ಲ. ಇನ್ನೊಂದು, ಕಂಟೇನರ್ ಬದುಕಿದೆಯೇ ಎಂದು ನೋಡಿ, ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿಸುವ ಲೈವ್‌ನೆಸ್ ಪ್ರೋಬ್‌ನಲ್ಲಿ ಡೇಟಾಬೇಸ್ ಕೇಳಬೇಡಿ. ಡೇಟಾಬೇಸ್ ಸ್ವಲ್ಪ ನಿಧಾನವಾದರೆ ಎಲ್ಲ ಪಾಡ್‌ಗಳೂ ಒಟ್ಟಿಗೆ ರೀಸ್ಟಾರ್ಟ್ ಆಗಿ, ಅದರ ಮೇಲೆ ಇನ್ನೂ ಭಾರ ಬೀಳುತ್ತದೆ.

ಕಲಿಯಬೇಕು ಅಂತಿದ್ದರೆ ಹಳೆಯ ಯಂತ್ರ ಒಂದರಲ್ಲಿ ಕುಬರ್ನೆಟೀಸ್‌ನ ಹಗುರ ರೂಪವಾದ ಕೆ3ಎಸ್ ಹಾಕಿ. ಒಂದೇ ಸರ್ವರ್ ಆದರೆ ಅದು ಎಟ್‌ಸಿಡಿ ಬದಲು ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಬಳಸುತ್ತದೆ, ತಲೆನೋವು ಕಡಿಮೆ. ಗಿರಾಕಿಗಳ ಡೇಟಾ ಅಲ್ಲಿಗೆ ತರಬೇಡಿ.

ಅಕ್ಕಲಕೋಟೆಯಿಂದ:
ಕಂಪೋಸ್‌ನಲ್ಲೇ ಇರುವುದಾದರೆ ಒಂದು ವಿಷಯ ಗಮನಿಸ್ರಿ. ಹೆಲ್ತ್‌ಚೆಕ್ ಫೇಲಾದರೂ ಡಾಕರ್ ತಾನಾಗಿ ಕಂಟೇನರ್ ರೀಸ್ಟಾರ್ಟ್ ಮಾಡುವುದಿಲ್ಲ, 'ಅನ್‌ಹೆಲ್ದಿ' ಎಂದು ತೋರಿಸಿ ಸುಮ್ಮನಿರುತ್ತದೆ. ಅದನ್ನು ನೋಡಿ ಮೊಬೈಲಿಗೆ ಮೆಸೇಜ್ ಕಳಿಸುವ ಚಿಕ್ಕ ಸ್ಕ್ರಿಪ್ಟ್ ಬರೆದಿಡ್ರಿ. ಇಮೇಜ್‌ಗೆ (ಕಂಟೇನರ್ ತಯಾರಾಗುವ ಅಚ್ಚಿಗೆ) 'ಲೇಟೆಸ್ಟ್' ಟ್ಯಾಗ್ ಬೇಡ, ಆವೃತ್ತಿ ಸಂಖ್ಯೆ ಕೊಡ್ರಿ. ಮುಂದೆ ಕೆ3ಎಸ್‌ಗೆ ಹೋದರೆ ಡೇಟಾಬೇಸ್ ಫೋಲ್ಡರ್ ಜೊತೆ ಸರ್ವರ್ ಟೋಕನ್ (ಗುಪ್ತ ಕೀಲಿ) ಕೂಡ ಬ್ಯಾಕಪ್‌ಗೆ ಸೇರಿಸ್ರಿ. ಆ ಟೋಕನ್ ಇಲ್ಲದಿದ್ದರೆ ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಲು ಆಗುವುದಿಲ್ಲ.