‘ನಿರುದ್ಯೋಗಿ’ ಅಂದರೆ ಯಾರು? ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಜಮಖಂಡಿಯಲ್ಲಿ ಬಿ.ಎ. ಓದುತ್ತಿರುವ ಅಕ್ಕನ ಮಗನಿಗೆ ಅರ್ಥಶಾಸ್ತ್ರದ ಒಂದು ಪಾಠವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಪಾಠ ಅಮೆರಿಕದ್ದು. ಹಳ್ಳಿಗಾಡಿನ ಒಂದು ಕೌಂಟಿಯಲ್ಲಿ ನಿರುದ್ಯೋಗ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯಿತು ಅಂತ ಅಳೆಯುವುದು. ‘ಕೌಂಟಿ’ಯನ್ನು ಹಾಗೇ ಬಿಟ್ಟೆ. ಅಲ್ಲಿ ಅಂಥವು ಮೂರು ಸಾವಿರಕ್ಕೂ ಜಾಸ್ತಿ ಇವೆ, ಕೆಲವು ಸಾವಿರ ಜನರಷ್ಟೇ ಇರುವಂಥವೂ ಇವೆ. ‘ಜಿಲ್ಲೆ’ ಅಂದರೆ ಹುಡುಗನ ಕಣ್ಣಿಗೆ ಇಡೀ ಬಾಗಲಕೋಟೆ ಬಂದುಬಿಡುತ್ತದೆ. ನಾನು ಸಿಕ್ಕಿಬಿದ್ದಿದ್ದು ‘ನಿರುದ್ಯೋಗಿ’ಯಲ್ಲಿ.

ಈ ಪದದ ಮೇಲೆ ನನಗೆ ಮೊದಲೇ ಅನುಮಾನ. ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಪತ್ರಿಕೆಗಳು ಪಿಂಪ್ರಿ-ಚಿಂಚವಡವನ್ನು ‘ಉದ್ಯೋಗನಗರಿ’ ಅಂತ ಬರೆಯೋದನ್ನು ನೋಡಿ, ಕೆಲಸ ಸಿಗುವ ಊರು ಅಂತ ಖುಷಿಪಟ್ಟಿದ್ದೆ. ಮರಾಠಿಯಲ್ಲಿ ಉದ್ಯೋಗ ಅಂದರೆ ಕೈಗಾರಿಕೆ, ವ್ಯಾಪಾರ. ನಮ್ಮ ಉದ್ಯೋಗಕ್ಕೆ ಅವರು ರೋಜಗಾರ, ನೋಕರಿ ಅನ್ನುತ್ತಾರೆ. ಒಮ್ಮೆ ಪಕ್ಕದ ಮನೆಯ ಕಾಕುಗೆ ‘ನನ್ನ ತಮ್ಮ ನಿರುದ್ಯೋಗಿ’ ಅಂದುಬಿಟ್ಟೆ. ‘ಯಾಕೆ, ಅಷ್ಟು ಸೋಮಾರಿಯಾ?’ ಅಂತ ಕೇಳಿದರು!

ಕನ್ನಡದಲ್ಲಿ ಆ ತೊಂದರೆ ಇಲ್ಲ, ಬೇರೆ ತೊಂದರೆ ಇದೆ. ನಮಗೆ ನಿರುದ್ಯೋಗಿ ಅಂದರೆ ಕೆಲಸ ಇಲ್ಲದವನು, ಅಷ್ಟೆ. ಲೆಕ್ಕ ಹಾಕುವವರಿಗೆ ಅಷ್ಟು ಸಾಲದು. ಅಮೆರಿಕದ ಲೆಕ್ಕದಲ್ಲಿ ಅವನು ಕೆಲಸ ಸಿಕ್ಕರೆ ಮಾಡಲು ತಯಾರಿರಬೇಕು, ಜೊತೆಗೆ ಸಾಮಾನ್ಯವಾಗಿ ಹಿಂದಿನ 4 ವಾರಗಳಲ್ಲಿ ಎಲ್ಲಾದರೂ ಕೇಳಿ, ಹುಡುಕಿರಬೇಕು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತೀವಲ್ಲ, ಆ ಬಡಗಿ ಎಲ್ಲೂ ಕೆಲಸ ಕೇಳಿರದಿದ್ದರೆ ನಿರುದ್ಯೋಗಿಯೇ ಅಲ್ಲ. ಲೆಕ್ಕದಿಂದಲೇ ಹೊರಗೆ.

ವರ್ಷಗಳನ್ನು ಹೋಲಿಸುವಾಗ ಇದು ಎಷ್ಟು ಎಡವಟ್ಟು ಮಾಡುತ್ತದೆ ನೋಡಿ. ಒಂದು ಕಡೆ ಕೆಲಸ ಮಾಡುವವರು 900, ಹುಡುಕುವವರು 100 ಅಂದುಕೊಳ್ಳಿ. ಇಬ್ಬರೂ ಸೇರಿ 1000ರಲ್ಲಿ 100, ಅಂದರೆ ನಿರುದ್ಯೋಗ ಪ್ರಮಾಣ ಶೇ. 10. ಮುಂದಿನ ವರ್ಷ ಹುಡುಕುವವರಲ್ಲಿ 50 ಜನ ಬೇಸತ್ತು ಸುಮ್ನೆ ಕೂತರು, ಇಲ್ಲವೇ ಊರು ಬಿಟ್ಟರು. ಈಗ 950ರಲ್ಲಿ 50, ಅಂದರೆ ಸುಮಾರು ಶೇ. 5.3. ಒಬ್ಬನಿಗೂ ಕೆಲಸ ಸಿಗಲಿಲ್ಲ, ಆದರೂ ‘ನಿರುದ್ಯೋಗ ಇಳಿಯಿತು’! ಹುಡುಗ ಕೇಳಿದ: ‘ಮಾಮಾ, ಕೂತವರು ಎಲ್ಲಿ ಹೋದರು?’ ನಮ್ಮ ಪದದಲ್ಲಿ ಅದಕ್ಕೆ ಉತ್ತರ ಇಲ್ಲ.

ನಮ್ಮ ದೇಶದ ಲೆಕ್ಕ ಇನ್ನೂ ಮಜಾ. ನಿರುದ್ಯೋಗವನ್ನು ಹೇಗೆ ಅಳೆಯಬೇಕು ಅಂತ ನೋಡಲು ಸರ್ಕಾರ ನೇಮಿಸಿದ್ದ ದಾಂತ್‌ವಾಲಾ ಸಮಿತಿ 1970ರಲ್ಲಿ ಹೇಳಿದ ಮೇಲೆ, 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ವರ್ಷದ್ದು, ವಾರದ್ದು, ದಿನದ್ದು ಅಂತ ಮೂರು ಅಳತೆ ಬಂದವು. ವಾರದ ಅಳತೆಯಲ್ಲಿ 7 ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ಅವನು ಕೆಲಸದಲ್ಲಿ ಇರುವವನು. ವರ್ಷದ ಅಳತೆಯಲ್ಲಿ ಉಪಕೆಲಸವನ್ನೂ (ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ಮಾಡುವ ಕೆಲಸ) ಸೇರಿಸಿದರೆ 30 ದಿನ ಸಾಕು. ಜಮಖಂಡಿ ಕಡೆ ಎರಡು ತಿಂಗಳು ಕಬ್ಬು ಕಡಿದು, ಉಳಿದ ಕಾಲ ಕಟ್ಟೆ ಮೇಲೆ ಕೂತವನನ್ನು ಊರವರು ‘ಖಾಲಿ ಅದಾನ’ ಅಂತಾರೆ. ಸಮೀಕ್ಷೆಯವರು ಈ ವರ್ಷದ ಅಳತೆಯಲ್ಲಿ ಉದ್ಯೋಗಸ್ಥ ಅಂತ ಬರೆದುಕೊಳ್ಳುತ್ತಾರೆ.

ಈಗ ನನ್ನ ಪ್ರಶ್ನೆ. ‘ಉದ್ಯೋಗಾಕಾಂಕ್ಷಿ’ ಯೋಚಿಸಿದೆ. ಆದರೆ ಕೆಲಸದಲ್ಲಿ ಇದ್ದುಕೊಂಡೇ ಇನ್ನೊಂದಕ್ಕೆ ಅರ್ಜಿ ಹಾಕಿದವರೂ ಅದರಲ್ಲಿ ಬರುತ್ತಾರೆ. ‘ಕೆಲಸ ಅರಸುವವರು’ಗೂ ಅದೇ ಗತಿ. ಕೆಲಸ ಇರುವವರು, ಹುಡುಕುವವರು ಇಬ್ಬರನ್ನೂ ಸೇರಿಸಿ ಪತ್ರಿಕೆಗಳು ‘ಕಾರ್ಮಿಕ ಪಡೆ’ ಅಂತ ಬರೆಯುತ್ತವೆ. ನನಗಂತೂ ಅದು ಮೆರವಣಿಗೆ ಹೊರಟ ಯೂನಿಯನ್ ಥರ ಕೇಳಿಸುತ್ತದೆ. ‘ದುಡಿಮೆಗೆ ನಿಂತವರು’ ಅನ್ನಬಹುದಾ? ಹಾಗಾದರೆ ಅವರಲ್ಲಿ ‘ಕೆಲಸ ಸಿಕ್ಕವರು’, ‘ಸಿಗದವರು’ ಅಂತ ಎರಡು ಭಾಗ. ಹುಡುಕದೆ ಸುಮ್ನೆ ಕೂತವರು ಹೊರಗೆ ಉಳಿದದ್ದು ತಾನಾಗೇ ಕಾಣುತ್ತದೆ ಅಲ್ವಾ?

ಮೈಸೂರು, ಮಂಗಳೂರು, ಬೀದರ್ ಕಡೆಯವರು ಹೇಳಿ: ಹುಡುಕಿ ಸಿಗದವನಿಗೂ ಹುಡುಕದೆ ಕೂತವನಿಗೂ ನಿಮ್ಮ ಊರ ಮಾತಿನಲ್ಲಿ ಬೇರೆ ಬೇರೆ ಹೆಸರು ಇದೆಯಾ? ಪರೀಕ್ಷೆಯಲ್ಲಿ ಅವನು ‘ನಿರುದ್ಯೋಗಿ’ ಅಂತಲೇ ಬರೆಯಬೇಕು, ಅದು ಗೊತ್ತು. ನನಗೆ ಬೇಕಾಗಿರೋದು ಫೋನಿನಲ್ಲಿ ಬಿಡಿಸಿ ಹೇಳೋಕೆ.