‘ಫೆರಿ ಪೈಲಟ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೇರಿ ವೆಬ್ ನಿಕಲ್ಸನ್ ಅವರ ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಅಮೆರಿಕದ ನಾರ್ತ್ ಕ್ಯಾರೊಲಿನಾದವರು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಅಲ್ಲಿನ ಹೆಸರಾಂತ ಮಹಿಳಾ ಪೈಲಟ್ ಜಾಕ್ವೆಲಿನ್ ಕಾಕ್ರನ್ ಆರಿಸಿ ಬ್ರಿಟನ್ನಿಗೆ ಕಳಿಸಿದ ಸುಮಾರು 25 ಮಹಿಳಾ ಪೈಲಟ್‌ಗಳಲ್ಲಿ ಒಬ್ಬರು. 1943ರ ಮೇ 22ರಂದು ಇಂಗ್ಲೆಂಡಿನ ವುಸ್ಟರ್‌ಶೈರಿನ ಲಿಟಲ್‌ವರ್ತ್ ಎಂಬಲ್ಲಿ, ಹಾರುತ್ತಿದ್ದ ಅವರ ಮೈಲ್ಸ್ ಮಾಸ್ಟರ್ ವಿಮಾನದ ಪ್ರೊಪೆಲರ್ ಕಳಚಿಹೋಯಿತು. ವಿಮಾನ ಬಿತ್ತು, ಅವರು ಉಳಿಯಲಿಲ್ಲ. ಆ ತಂಡದಲ್ಲಿ ಕೆಲಸದ ಮೇಲಿರುವಾಗ ಹೀಗೆ ಜೀವ ಬಿಟ್ಟವರು ಅವರೊಬ್ಬರೇ.

ಅವರು ‘ಫೆರಿ ಪೈಲಟ್’ ಆಗಿದ್ದರು ಎಂದು ಬರೆಯಲು ಹೋಗಿ ಅಲ್ಲೇ ನಿಂತೆ. ನಿಘಂಟು ತೆರೆದರೆ ಫೆರಿ ಅಂದರೆ ದೋಣಿ, ಕಡವು, ಹಾಯಿಸುವುದು. ‘ದೋಣಿ ಪೈಲಟ್’ ಅಂತೂ ನಗೆಪಾಟಲು. ‘ಆಕಾಶದ ಅಂಬಿಗ’ ಅಂತ ಗೆಳೆಯರೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಹೊಂದುವುದಿಲ್ಲ. ಅಂಬಿಗ ಜನರನ್ನು ದಾಟಿಸುತ್ತಾನೆ, ದೋಣಿ ಅವನ ಹತ್ತಿರವೇ ಉಳಿಯುತ್ತದೆ. ಇಲ್ಲಿ ಸಾಗಿಸಬೇಕಾದ ಸರಕೇ ವಿಮಾನ. ಕಾರ್ಖಾನೆಯಿಂದ ಹೊರಬಂದದ್ದನ್ನು ವಾಯುಪಡೆಯ ನೆಲೆಗೆ, ಕೆಟ್ಟದ್ದನ್ನು ರಿಪೇರಿಗೆ ಒಯ್ದು ಒಪ್ಪಿಸಿದರೆ ಮುಗಿಯಿತು. ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಅವರ ಸಂಸ್ಥೆ ಯುದ್ಧ ಮುಗಿಯುವಷ್ಟರಲ್ಲಿ ಹೀಗೆ ಒಪ್ಪಿಸಿದ್ದು 3 ಲಕ್ಷಕ್ಕೂ ಜಾಸ್ತಿ.

ರೇಡಿಯೊ ಬಳಸುವಂತಿರಲಿಲ್ಲ. ಕೆಳಗಿನ ರೈಲು ಹಳಿ, ನದಿ ನೋಡಿಕೊಂಡೇ ದಾರಿ ಹಿಡಿಯಬೇಕು. ಕೈಯಲ್ಲಿ ರಿಂಗ್ ಹಾಕಿದ ಒಂದು ಸಣ್ಣ ಪುಸ್ತಕ, ಒಂದೊಂದು ಬಗೆಯ ವಿಮಾನಕ್ಕೂ ಅದರಲ್ಲಿ ಚುಟುಕಾದ ಟಿಪ್ಪಣಿ. ಹಿಂದೆಂದೂ ಹಾರಿಸದ ವಿಮಾನವಾದರೂ ಅದನ್ನು ಓದಿಕೊಂಡು ಹೊರಟುಬಿಡುತ್ತಿದ್ದರು!

ನಮ್ಮಲ್ಲಿ ಇದಕ್ಕೆ ಹತ್ತಿರದ ಕೆಲಸ ಹೊಸ ಲಾರಿ ಚಾಸಿ ಓಡಿಸಿಕೊಂಡು ಹೋಗುವ ಡ್ರೈವರ್‌ಗಳದ್ದು, ಅಲ್ವಾ? ಅಲ್ಲಿ ಮಾತು ಸಲೀಸು: ‘ಗಾಡಿ ಬಿಟ್ಟು ಬರೋಕೆ ಹೋಗಿದಾನೆ’. ಆದರೆ ‘ವಿಮಾನ ಬಿಟ್ಟು ಬರುವವರು’ ಅಂದರೆ ಓದುವವರು ‘ವಿಮಾನವನ್ನು ತೊರೆದವರು’ ಅಂದುಕೊಂಡಾರು. ‘ಸಾಗಣೆ ಪೈಲಟ್’ ಅಂದರೆ ಸಾಮಾನು ತುಂಬಿದ ವಿಮಾನವೇ ಕಣ್ಣಮುಂದೆ ಬರುತ್ತದೆ. ನನಗೆ ಸದ್ಯಕ್ಕೆ ಹಿಡಿಸಿರುವುದು ‘ಮುಟ್ಟಿಸು’. ಬುತ್ತಿ ಮುಟ್ಟಿಸು, ಸುದ್ದಿ ಮುಟ್ಟಿಸು ಅನ್ನುತ್ತೇವಲ್ಲ, ಹಾಗೇ ‘ವಿಮಾನ ಮುಟ್ಟಿಸುವ ಪೈಲಟ್’. ಉದ್ದವಾಯಿತು, ಒಪ್ಪುತ್ತೇನೆ.

ಇನ್ನೊಂದು ತೊಡಕು ‘ವಾಲಂಟಿಯರ್’. ‘ಸ್ವಯಂಸೇವಕಿ’ ಅಂದರೆ ಸುಮ್ನೆ, ಸಂಬಳವಿಲ್ಲದೆ ದುಡಿದವರು ಅನ್ನಿಸುತ್ತದೆ. ಇವರು ಕರಾರಿಗೆ ಸಹಿ ಹಾಕಿ, ಸಂಬಳ ಪಡೆದೇ ಹಾರಿದರು. ಆದರೆ ಯಾರ ಬಲವಂತವೂ ಇರಲಿಲ್ಲ. ‘ತಾವಾಗಿ ಮುಂದೆ ಬಂದವರು’ ಅಂದರೆ ಸಾಕೇ? ‘ಕೊಲ್ಲಲ್ಪಟ್ಟರು’ ಅನ್ನುವುದನ್ನು ಮಾತ್ರ ಆಗಲೇ ಹೊಡೆದುಹಾಕಿದ್ದೇನೆ, ಯಾರೂ ಕೊಂದಿಲ್ಲ.

ಅಂದಹಾಗೆ, ವಿಮಾನ ಒಪ್ಪಿಸಿದ ಪೈಲಟ್‌ಗಳನ್ನು ಅಲ್ಲಲ್ಲಿಂದ ಹತ್ತಿಸಿಕೊಂಡು ವಾಪಸ್ ತರಲು ಏವ್ರೊ ಆನ್ಸನ್ ವಿಮಾನಗಳು ಓಡಾಡುತ್ತಿದ್ದವು. ಅದನ್ನು ನಡೆಸುವವರಿಗೆ ಬೇಕಾದರೆ ‘ಅಂಬಿಗ’ ಅನ್ನಬಹುದು. ಮೇರಿಯವರ ಕೆಲಸಕ್ಕೆ ನಿಮ್ಮ ಕಡೆ ಯಾವ ಮಾತು ಹೊಂದೀತು? ಕರಾವಳಿಯವರು, ಲಾರಿ ಕಸುಬಿನ ನಂಟಿರುವವರು ದಯವಿಟ್ಟು ತಿಳಿಸಿ.